ನಾದಿನಿಯ ಹಾಡು

ಪುಸ್ತಕ ಕೂಡಿಡುವವರಿಗೆ ಒಂದು ಅನುಕೂಲವುಂಟು. ಬೀರುವಿನ ಬಾಗಿಲು ತೆರೆದರೆ ಸಾಕು, ಅವು ಸಾಲಾಗಿ ನಿಂತು ತಮ್ಮ ಹೆಸರನ್ನು ತಾವೇ ಹೇಳುತ್ತವೆ. ಟೆಲಿವಿಷನ್ ಕಾರ್ಯಕ್ರಮಗಳನ್ನು ರೆಕಾರ್ಡು ಮಾಡಿ ಕೂಡಿಡುವವರ ಪಾಡು ಹಾಗಲ್ಲ. ಅವರ ಭಂಡಾರವೆಲ್ಲ ಇಂದು ಅಂಗೈಯಗಲದ ಒಂದು ಕರಿಯ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ತುಂಬಿದೆಯೋ ಬರಿದೋ ಎಂಬುದೂ ತಿಳಿಯದು. ಅಂಥ ಒಂದು ಪೆಟ್ಟಿಗೆ ನಮ್ಮ ಮನೆಯ ಗಣಕಯಂತ್ರದ ಪಕ್ಕದಲ್ಲಿದೆ. ಅದರಲ್ಲಿರುವುದು 576 ಗಂಟೆಗಳ ದೂರದರ್ಶನ.

ಇದನ್ನೆಲ್ಲ ಕೂಡಿಸಿದವರು ನನ್ನ ಮಾವನವರು. 1986ರಿಂದ ಸುಮಾರು ಹತ್ತು ವರ್ಷ, ಸಂಜೆಯ ಕಾಫಿ ಮುಗಿಸಿ ವಿ.ಸಿ.ಆರ್. ಮುಂದೆ ಕುಳಿತುಕೊಳ್ಳುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಯಮದ ಕೆಲಸವಾಗಿತ್ತು. 2009ರಲ್ಲಿ ಅವರು ತೀರಿಕೊಂಡಾಗ ಅಟ್ಟದ ಮೇಲೆ 211 ಕ್ಯಾಸೆಟ್ಟುಗಳಿದ್ದವು. ಅವನ್ನು ಗಣಕಕ್ಕೆ ಇಳಿಸಬೇಕೆಂದು ನನ್ನ ಮಗ ಹೊರಟಾಗ ಮೊದಲು ಬೇಕಾದದ್ದು ಓಡುವ ಯಂತ್ರ. ಪ್ರಪಂಚದಲ್ಲಿ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪೆನಿಯಾದ ಜಪಾನಿನ ಫುನಾಯ್ 2016ರಲ್ಲೇ ಆ ಕೆಲಸ ನಿಲ್ಲಿಸಿತ್ತು. ಎಸ್.ಪಿ. ರಸ್ತೆಯಲ್ಲಿ ನಾಲ್ಕು ದಿನ ಅಲೆದ ಮೇಲೆ ಒಂದು ಹಳೆಯ ಯಂತ್ರ ಸಿಕ್ಕಿತು. ಈ ಕೆಲಸಕ್ಕೆ ಅವಸರ ಸಲ್ಲದು. ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸಲು ಮೂರು ಗಂಟೆಯೇ ಬೇಕು. ಬೂಷ್ಟು ಹಿಡಿದ 19 ಕ್ಯಾಸೆಟ್ಟುಗಳನ್ನು ಯಂತ್ರಕ್ಕೆ ಹಾಕದೆ ಬದಿಗಿಟ್ಟೆವು. ಉಳಿದ 192ಕ್ಕೆ, ದಿನಕ್ಕೆ ನಾಲ್ಕು ಗಂಟೆಯಂತೆ, ಐದು ತಿಂಗಳು ಹಿಡಿಯಿತು. ಗಂಟೆಗೆ ಎರಡೂವರೆ ಗಿಗಾಬೈಟಿನಂತೆ ಎಲ್ಲವೂ ಒಂದೂವರೆ ಟೆರಾಬೈಟಿನೊಳಗೆ ಅಡಗಿತು. ಅಟ್ಟ ತೆರವಾಯಿತೆಂದು ನಾನು ಸಂತೋಷಪಟ್ಟೆ. ಹುಡುಕುವ ಕಷ್ಟ ಮೊದಲಾದದ್ದು ಆಮೇಲೆ.

ಕ್ಯಾಸೆಟ್ಟುಗಳ ಮೇಲೆ ಮಾವನವರು ಅಂಟಿಸಿದ್ದ ಚೀಟಿಗಳು ಅಂಟು ಒಣಗಿ ಎಂದೋ ಉದುರಿಹೋಗಿದ್ದವು. ಮಗ ಕೈಗೆ ಸಿಕ್ಕಿದ ಕ್ರಮದಲ್ಲಿ ಹೊಸ ಸಂಖ್ಯೆ ಕೊಟ್ಟಿದ್ದ. ಗಣಕಯಂತ್ರದ ದಿನಾಂಕವನ್ನು ನೋಡೋಣವೆಂದರೆ ಅದು ತೋರಿಸುವುದು ಕಡತ ಹುಟ್ಟಿದ ದಿನವನ್ನೇ ಹೊರತು ಕಾರ್ಯಕ್ರಮ ಬಂದ ದಿನವನ್ನಲ್ಲ. ಅದರ ಲೆಕ್ಕದಲ್ಲಿ ರಾಮಾಯಣ, ಮಹಾಭಾರತಗಳೆಲ್ಲ ಅದೇ ಐದು ತಿಂಗಳಲ್ಲಿ ನಡೆದುಹೋದವು! ಹೆಸರಿನ ಕ್ರಮದಲ್ಲಿ ಜೋಡಿಸಿದರೆ 1 ಆದಮೇಲೆ 10, ಆಮೇಲೆ 100. 2 ಬರುವುದು ನೂರಕ್ಕೂ ಮಿಕ್ಕಿ ಕಡತಗಳು ದಾಟಿದ ಮೇಲೆ. 001, 002 ಎಂದು ಸೊನ್ನೆ ಸೇರಿಸಿ ಬರೆದ ಮೇಲೆ ಈ ಕಾಟ ತಪ್ಪಿತು. ಕಡತಗಳಿಗೆ ತಾನೇ ಚಿತ್ರ, ವಿವರ ಹುಡುಕಿ ಅಂಟಿಸುವ ತಂತ್ರಾಂಶವೊಂದನ್ನೂ ಮಗ ಹಾಕಿದ. ಅದು ನಮ್ಮ 1987ರ ರಾಮಾಯಣಕ್ಕೆ 2008ರಲ್ಲಿ ಬೇರೊಂದು ವಾಹಿನಿಯಲ್ಲಿ ಬಂದ ರಾಮಾಯಣದ ಚಿತ್ರವನ್ನು ಅಂಟಿಸಿತು. ಎಂಬತ್ತೆರಡು ವರ್ಷದ ನನ್ನ ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಈ ರಾಮ ನಮ್ಮ ರಾಮನಲ್ಲ ಕಣಪ್ಪಾ" ಎಂದರು. ಬೆಂಗಳೂರು ಕೇಂದ್ರದ ಕನ್ನಡ ಕಾರ್ಯಕ್ರಮಗಳಿಗಂತೂ ಅದು ಏನನ್ನೂ ಅಂಟಿಸಲಿಲ್ಲ; ಅಷ್ಟರಮಟ್ಟಿಗೆ ಪ್ರಾಮಾಣಿಕ.

ದೊಡ್ಡ ಭಂಡಾರದ ಮಾತು ಬಂದಾಗ ಅಮೆರಿಕದ ಫಿಲಡೆಲ್ಫಿಯದ ಮೇರಿಯನ್ ಸ್ಟೋಕ್ಸ್ ಎಂಬಾಕೆಯನ್ನು ನೆನೆಯಬೇಕು. ಹಿಂದೆ ಗ್ರಂಥಪಾಲಕಿಯಾಗಿದ್ದ ಆಕೆ 1979ರಿಂದ 2012ರಲ್ಲಿ ಸಾಯುವ ದಿನದವರೆಗೆ ಹಗಲಿರುಳೆನ್ನದೆ ಟೆಲಿವಿಷನ್ ಸುದ್ದಿಯನ್ನು ರೆಕಾರ್ಡು ಮಾಡಿದರು. ಬಿಟ್ಟುಹೋದ ಕ್ಯಾಸೆಟ್ಟುಗಳು ಸುಮಾರು 70,000. ಅವು ಈಗ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವಶದಲ್ಲಿವೆ. ಅಮೆರಿಕದ ಸುದ್ದಿಯಲ್ಲಿ ಕಿವುಡರಿಗೆಂದು ಮಾತೆಲ್ಲ ಅಕ್ಷರರೂಪದಲ್ಲೂ ಬರುವುದರಿಂದ, ಒಂದು ಪದ ಕೊಟ್ಟರೆ ಆ ಪದ ನುಡಿದ ಕ್ಷಣವನ್ನೇ ಯಂತ್ರ ತೆರೆದು ತೋರಿಸಬಲ್ಲದು. ಆ ಸಂಸ್ಥೆಯೇ 2012ರಲ್ಲಿ ಅಂಥ ಏರ್ಪಾಡು ಮಾಡಿತು. ನಮ್ಮ ಕ್ಯಾಸೆಟ್ಟುಗಳಲ್ಲಿ ಆ ಅಕ್ಷರಗಳೆಲ್ಲಿ? ಮಾತನ್ನು ಬರಹಕ್ಕಿಳಿಸುವ ಹೊಸ ತಂತ್ರವೊಂದನ್ನು ಮಗ ಪ್ರಯೋಗಿಸಿದ. ಹಳೆಯ ಟೇಪಿನ ಸುಯ್ಯೆನ್ನುವ ಸದ್ದಿನಲ್ಲಿ ಅದಕ್ಕೆ ಏನು ಕೇಳಿಸಿತೋ, ಬರೆದದ್ದು ಯಾವ ಭಾಷೆಯೂ ಆಗಿರಲಿಲ್ಲ.

ಅತ್ತೆಯವರಿಗೆ ಇವೆಲ್ಲ ಬೇಕಿರಲಿಲ್ಲ. ಅವರು ಕೇಳಿದ್ದು ಒಂದೇ ಒಂದು. ಅವರ ತಂಗಿ ಒಮ್ಮೆ ಬೆಂಗಳೂರು ದೂರದರ್ಶನದಲ್ಲಿ ಸಮೂಹಗಾನ ಹಾಡಿದ್ದರು. ಆಕೆ ಹೋಗಿ ಮೂವತ್ತು ವರ್ಷವಾಯಿತು. ಮದುವೆಯ ಫೋಟೋ ಬಿಟ್ಟರೆ ಮತ್ತೇನೂ ಉಳಿದಿಲ್ಲ. "ಅವರು ರೆಕಾರ್ಡು ಮಾಡಿದ್ದರಮ್ಮಾ, ನಾನೇ ಪಕ್ಕದಲ್ಲಿ ಕೂತಿದ್ದೆ" ಎಂದು ಅತ್ತೆ ನನ್ನೊಡನೆ ಎರಡು ಮೂರು ಸಲ ಹೇಳಿದ್ದರು. 576 ಗಂಟೆಗಳಲ್ಲಿ ನಾಲ್ಕು ನಿಮಿಷ!

ನಾನು ಮಧ್ಯಾಹ್ನಗಳಲ್ಲಿ ಕುಳಿತು ಒಂದೊಂದು ಕಡತದ ತಲೆ, ನಡು, ಬಾಲ ನೋಡಿ ಪಟ್ಟಿ ಬರೆಯತೊಡಗಿದೆ. ಹೀಗಿರುವಾಗ ಅತ್ತೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಮಾವನವರ ನೋಟುಬುಕ್ಕು ದೊರೆಯಿತು. ಮುತ್ತಿನಂಥ ಅಕ್ಷರ. ಒಂದೆಡೆ ಹೀಗಿತ್ತು: "ಕ್ಯಾ. 86. 0000 ರಾಮಾಯಣ. 1650 ಚಿತ್ರಹಾರ್. 2310 ನಾದಿನಿಯ ಹಾಡು. 2900 ಮಾಲ್ಗುಡಿ." ನನ್ನ ಪಟ್ಟಿಯಲ್ಲಿ ರಾಮಾಯಣದಿಂದ ಆರಂಭವಾಗುವ ಕಡತಗಳು ಹದಿನಾಲ್ಕು, ಅವುಗಳಲ್ಲಿ ಶಂಕರ್ ನಾಗ್ ಅವರ ಮಾಲ್ಗುಡಿ ಇದ್ದದ್ದು ಒಂದರಲ್ಲೇ.

ಆದರೆ 2310 ಎಂದರೆ ಎಷ್ಟನೆಯ ನಿಮಿಷ? ಅಂದಿನ ಯಂತ್ರದ ಅಂಕಿ ಕಾಲವನ್ನು ಎಣಿಸುತ್ತಿರಲಿಲ್ಲ, ಸುರುಳಿ ಎಷ್ಟು ಸುತ್ತು ತಿರುಗಿತೆಂಬುದನ್ನು ಎಣಿಸುತ್ತಿತ್ತು. ಸುರುಳಿ ದಪ್ಪವಾದಷ್ಟೂ ಒಂದೊಂದು ಸುತ್ತಿಗೆ ಹೆಚ್ಚು ಟೇಪು, ಹೆಚ್ಚು ಹೊತ್ತು. ಚಿತ್ರಹಾರ್ ತೊಡಗಿದ್ದು 45ನೇ ನಿಮಿಷದಲ್ಲಿ, ಮಾಲ್ಗುಡಿ 95ರಲ್ಲಿ. ಮೊದಲಿನಿಂದ ತ್ರೈರಾಶಿ ಹಾಕಿದರೆ ಹಾಡು 63ನೇ ನಿಮಿಷಕ್ಕೆ ಬೀಳುತ್ತದೆ. ಅಲ್ಲಿದ್ದದ್ದು ಹಿಂದಿ ಸಿನಿಮಾದ ಕುಣಿತ. ಚಿತ್ರಹಾರಿಗೂ ಮಾಲ್ಗುಡಿಗೂ ನಡುವೆ ಹಂಚಿ ನೋಡಿದರೆ 71 ಬಂದಿತು. ಹಾಡು ಸಿಕ್ಕಿದ್ದು 70ರಲ್ಲಿ.

ಎರಡು ಸಾಲು ಹೆಂಗಸರು, ಮುಂದೆ ಹಾರ್ಮೋನಿಯಂ. ಕ್ಯಾಮೆರಾ ಎಡದಿಂದ ಬಲಕ್ಕೆ ಸರಿಯಿತು. "ಹಿಂದಿನ ಸಾಲು, ಮೂರನೆಯವಳು" ಎಂದು ಅತ್ತೆ ಮೆಲ್ಲಗೆ ಹೇಳಿದರು. ಮಗ ಚಿತ್ರವನ್ನು ನಿಲ್ಲಿಸಿದ. ವಿ.ಸಿ.ಆರಿನಲ್ಲಿ ನಿಲ್ಲಿಸಿದರೆ ಚಿತ್ರ ಗಡಗಡ ನಡುಗುತ್ತಿತ್ತು. ಗಣಕದಲ್ಲಿ ಅಲುಗಾಡದೆ ನಿಂತಿತು. ಅತ್ತೆ ಬಹಳ ಹೊತ್ತು ನೋಡಿದರು. "ನನ್ನ ಸೀರೆ ಉಟ್ಟಿದ್ದಾಳೆ" ಎಂದಷ್ಟೇ ಅಂದರು.

ಮಗ ಆ ನಾಲ್ಕು ನಿಮಿಷವನ್ನು ಕತ್ತರಿಸಿ 'ಸಂಗೀತ' ಎಂಬ ವಿಭಾಗದಲ್ಲಿಟ್ಟ. ಅತ್ತೆ ಒಪ್ಪಲಿಲ್ಲ. ಅವರ ಇಷ್ಟದಂತೆ ಈಗ ಪಟ್ಟಿಯ ಮೊದಲಲ್ಲೇ 'ತಂಗಿ' ಎಂಬ ವಿಭಾಗವಿದೆ. ರಿಮೋಟಿನ ಗುಂಡಿ ಎರಡು ಸಲ ಒತ್ತಿದರೆ ಸಾಕು, ಅವರೇ ಹಾಕಿಕೊಳ್ಳುತ್ತಾರೆ. ಅದರ ಕೆಳಗೆ 'ಕರೆಂಟು ಹೋದದ್ದು' ಎಂಬ ಇನ್ನೊಂದು ವಿಭಾಗವನ್ನೂ ಮಾಡಿಸಿದ್ದಾರೆ. ಯಾವ ಗ್ರಂಥಾಲಯಶಾಸ್ತ್ರವೂ ಇದನ್ನು ಒಪ್ಪದಿರಬಹುದು. ನಮ್ಮ ಮನೆಯಲ್ಲಿ ಮಾತ್ರ ಅಕ್ಷರಕ್ರಮಕ್ಕಿಂತ ಇದರಿಂದಲೇ ಬೇಗ ಸಿಗುತ್ತದೆ. ಎಲ್ಲದರ ಇನ್ನೊಂದು ಪ್ರತಿ ಮೈಸೂರಿನಲ್ಲಿ ನನ್ನ ನಾದಿನಿಯ ಮನೆಯಲ್ಲಿದೆ. ಪೆಟ್ಟಿಗೆ ಯಾವಾಗ ಕೆಡುವುದೋ ಹೇಳಲಾಗದು.

ಮೊನ್ನೆ ನೋಟುಬುಕ್ಕನ್ನು ಪೂರ್ತಿ ನಕಲು ಮಾಡುತ್ತಿದ್ದಾಗ 131ನೆಯ ಕ್ಯಾಸೆಟ್ಟಿನ ಎದುರು "ನಾದಿನಿ, ಎರಡನೆಯ ಸಲ, ಒಬ್ಬಳೇ" ಎಂದು ಬರೆದಿದ್ದುದು ಕಂಡಿತು. ಅದಕ್ಕೆ ಹೊಂದುವ ಕಡತ ನಮ್ಮ 192ರಲ್ಲಿ ಇಲ್ಲ. ಅಂದರೆ ಬೂಷ್ಟು ಹಿಡಿದ 19ರಲ್ಲಿ ಅದೂ ಒಂದು. ಹತ್ತೊಂಬತ್ತನ್ನೂ ಟೇಪು ಶುಚಿಮಾಡುವವರೊಬ್ಬರಿಗೆ ಒಪ್ಪಿಸಿ ಬಂದಿದ್ದೇವೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ.