ದರ್ಪಣಮಂಟಪದಲ್ಲಿ ಒಂದು ರಾತ್ರಿ

ಕ್ಯಾಬರೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರ ಎದುರಿಗೆ ಯಾರೂ ಆಡುವುದಿಲ್ಲ. ನಮ್ಮ ತಲೆಮಾರಿನವರಿಗೆ ಆ ಶಬ್ದದ ಪರಿಚಯವಾದದ್ದು ಸಿನಿಮಾದಿಂದ. ಕಳ್ಳಸಾಗಣೆಯವನೊಬ್ಬನು ಮಂದ ಬೆಳಕಿನಲ್ಲಿ ಕುಳಿತು ಮದ್ಯವನ್ನು ಹೀರುತ್ತಿರುವನು, ಎದುರಿಗೆ ಒಬ್ಬಳು ಕುಣಿಯುವಳು, ಅದು ಕ್ಯಾಬರೆ. ಆ ಭಾಗ ಬಂದಾಗಲೆಲ್ಲ ನಮ್ಮ ತಾಯಿಯವರು ತಮ್ಮ ಕೈಚೀಲದಲ್ಲಿ ಇಲ್ಲದ ವಸ್ತುವೊಂದನ್ನು ಹುಡುಕಲು ತೊಡಗುತ್ತಿದ್ದರು. ಫ್ರೆಂಚ್ ಭಾಷೆಯಲ್ಲಾದರೋ ಅದಕ್ಕೆ ಪಾನಗೃಹವೆಂಬಷ್ಟೇ ಅರ್ಥ. 1881ರಲ್ಲಿ ಪ್ಯಾರಿಸ್ಸಿನ ಮೊಂಮಾರ್ತ್ರ್ ಪ್ರದೇಶದಲ್ಲಿ ‘ಕರಿಯ ಬೆಕ್ಕು’ ಎಂಬ ಹೆಸರಿನ ಅಂಥದೊಂದು ಮನೆ ತೆರೆಯಿತು. ಕವಿಗಳು, ಗಾಯಕರು, ಚಿತ್ರಕಾರರು ಅಲ್ಲಿ ಕೂಡಿ ಮೇಜುಗಳ ನಡುವೆಯೇ ಹಾಡಿ ಹಾಸ್ಯಮಾಡುತ್ತಿದ್ದರಂತೆ. ಆಡುವವನಿಗೂ ನೋಡುವವನಿಗೂ ನಡುವೆ ತೆರೆಯಾಗಲಿ ದೂರವಾಗಲಿ ಇಲ್ಲದಿರುವುದೇ ಅದರ ಲಕ್ಷಣ.

ಇಷ್ಟು ಪೀಠಿಕೆಯನ್ನು ಹಾಕಲು ಕಾರಣವುಂಟು. 2024ರ ಡಿಸೆಂಬರಿನಲ್ಲಿ ಲಂಡನ್ ನಗರದಲ್ಲಿ ನಾನೂ ನಮ್ಮ ಮನೆಯವರೂ ಒಂದು ರಾತ್ರಿ ಈ ಬಗೆಯ ಸರ್ಕಸ್ಸಿಗೆ ಹೋಗಿ ಬಂದೆವು. ಕರೆದುಕೊಂಡು ಹೋದವಳು ನಮ್ಮ ಕಿರಿಯ ಮಗಳು. ಅವಳಿಗೆ ಇಪ್ಪತ್ತಾರು ವರ್ಷ. ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸ. ಲಂಡನ್ನಿನ ಹಾಕ್ಸ್‌ಟನ್ ಎಂಬ ಭಾಗದಲ್ಲಿ ಹಳೆಯ ವಿದ್ಯುದಾಗಾರದ ಕಟ್ಟಡದಲ್ಲಿ ಸರ್ಕಸ್ ವಿದ್ಯೆಯನ್ನು ಕಲಿಸತಕ್ಕ ಶಾಲೆಯೊಂದುಂಟು. ಮೊದಲು ವ್ಯಾಯಾಮಕ್ಕೆಂದು ವಾರಕ್ಕೆರಡು ಸಂಜೆ ಅಲ್ಲಿಗೆ ಹೋಗುತ್ತಿದ್ದವಳು, ಈಗ ಆ ವಿದ್ಯೆಯನ್ನೇ ಪೂರ್ಣವಾಗಿ ಕಲಿಯಬೇಕೆಂದು ನಿಶ್ಚಯಿಸಿ, ಪ್ರವೇಶಪರೀಕ್ಷೆಗೆ ಅರ್ಜಿ ಹಾಕುವ ಮೊದಲು ನಮ್ಮ ಅಭಿಪ್ರಾಯವನ್ನು ಕೇಳಿದಳು. ಕೇಳಿದಳೆಂಬುದೇ ವಿಶೇಷ. ವಯಸ್ಸಿಗೆ ಬಂದವಳು, ತಾನೇ ಸಂಪಾದಿಸುವವಳು, ಕೇಳದೆಯೂ ಮಾಡಬಹುದಾಗಿತ್ತು.

ನಮ್ಮ ಮನೆಯವರು ಊರಿನಿಂದ ಹೊರಡುವಾಗಲೇ, “ನೀವು ಅಲ್ಲಿ ಹೋದಕೂಡಲೆ ಹೂಂ ಎಂದುಬಿಡಬೇಡಿ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಮಗಳು ನಮ್ಮೊಡನೆ ವಾದಕ್ಕೆ ನಿಲ್ಲಲಿಲ್ಲ. “ಒಂದು ರಾತ್ರಿ ಬಂದು ನೋಡಿ ಅಪ್ಪ, ಆಮೇಲೆ ಹೇಳಿ” ಎಂದಳು, ಅಷ್ಟೇ.

ಲೆಸ್ಟರ್ ಚೌಕದ ನಡುವೆ ಷೇಕ್ಸ್‌ಪಿಯರನ ಪ್ರತಿಮೆಯಿದೆ. ಕ್ರಿಸ್ಮಸ್ಸಿನ ಕಾಲದಲ್ಲಿ ಆ ಚೌಕದಲ್ಲಿ ಒಂದು ಗುಂಡಾದ ಡೇರೆಯನ್ನು ಎಬ್ಬಿಸುತ್ತಾರೆ. ಡೇರೆ ಎಂದರೆ ನಮ್ಮ ಊರ ಸರ್ಕಸ್ಸಿನ ಬೃಹತ್ತಾದ ಗುಡಾರವನ್ನು ವಾಚಕರು ನೆನೆಯಬಾರದು. ಬೆಲ್ಜಿಯಂ ದೇಶದಲ್ಲಿ ನೂರು ವರ್ಷಗಳ ಹಿಂದೆ ಊರಿಂದೂರಿಗೆ ಸಾಗಿಸುತ್ತಿದ್ದ ನೃತ್ಯಶಾಲೆಗಳ ಮಾದರಿ ಅದು: ಮರದ ಕಂಬಗಳು, ಮೇಲೆ ಕ್ಯಾನ್ವಾಸಿನ ಹೊದಿಕೆ, ಒಳಗೆ ಸುತ್ತಲೂ ಕನ್ನಡಿಗಳು. ಆ ದೇಶದವರು ಅದನ್ನು ‘ಸ್ಪೀಗೆಲ್’ ಡೇರೆ ಎನ್ನುವರು. ಸ್ಪೀಗೆಲ್ ಎಂದರೆ ಕನ್ನಡಿ. ದರ್ಪಣಮಂಟಪವೆಂದು ನಾನು ಅದಕ್ಕೆ ಹೆಸರಿಟ್ಟುಕೊಂಡೆ. ಬೇಲೂರಿನ ದರ್ಪಣಸುಂದರಿಗೆ ಒಂದೇ ಕನ್ನಡಿ. ಇಲ್ಲಿ ಎತ್ತ ತಿರುಗಿದರೂ ನಮ್ಮವರ ರೇಷ್ಮೆ ಸೀರೆ, ಅದರ ಮೇಲಿನ ಉಣ್ಣೆಯ ಕೋಟು, ನನ್ನ ಮಂಕಿಟೋಪಿ. ಸುತ್ತಲಿನವರು ಮದ್ಯದ ಲೋಟಗಳನ್ನು ಹಿಡಿದು ಕುಳಿತಿದ್ದರು. ಮಗಳು ನಮಗೆ ಕಿತ್ತಳೆಯ ರಸವನ್ನು ತಂದುಕೊಟ್ಟಳು.

ನಡುವೆ ಇದ್ದ ವೇದಿಕೆ ನಮ್ಮ ಮನೆಯ ಪಡಸಾಲೆಯಷ್ಟೂ ಇರಲಿಲ್ಲ. ಇದನ್ನು ನೋಡಿದಾಗ ನನಗೆ ಓದಿದ ವಿಷಯವೊಂದು ನೆನಪಿಗೆ ಬಂತು. ಈಗಿನ ಸರ್ಕಸ್ ಹುಟ್ಟಿದ್ದೂ ಇದೇ ಲಂಡನ್ನಿನಲ್ಲಿ. ಫಿಲಿಪ್ ಆಸ್ಟ್‌ಲಿ ಎಂಬ ನಿವೃತ್ತ ಅಶ್ವಸೈನಿಕನು 1768ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಹತ್ತಿರ, ವೃತ್ತಾಕಾರವಾಗಿ ಕುದುರೆ ಓಡಿಸಿ ಅದರ ಬೆನ್ನ ಮೇಲೆ ನಿಂತು ಆಟಗಳನ್ನು ತೋರಿಸಿದನು. ಕುದುರೆ ವರ್ತುಲದಲ್ಲಿ ಓಡುವಾಗ ಒಳಕ್ಕೆ ವಾಲುತ್ತದೆ. ಆಗ ಮೇಲೆ ನಿಂತವನಿಗೆ ತೂಕ ಹಿಡಿಯುವುದು ಸುಲಭ. ಆ ವೃತ್ತದ ವ್ಯಾಸ 42 ಅಡಿ ಎಂದು ನಿಂತಿತು; ಇಂದಿಗೂ ಲೋಕದ ದೊಡ್ಡ ಸರ್ಕಸ್ಸುಗಳಲ್ಲಿ ಅದೇ ಅಳತೆ. ನಮ್ಮ ದೇಶದಲ್ಲಿ ವಿಷ್ಣುಪಂತ ಛತ್ರೆಯವರು 1880ರಲ್ಲಿ ಮುಂಬಯಿಯಲ್ಲಿ ಮೊದಲ ಸ್ವದೇಶೀ ಸರ್ಕಸ್ಸನ್ನು ನಡೆಸಿದರು. ಕೀಲೇರಿ ಕುಞಿಕಣ್ಣನ್ ಎಂಬ ವ್ಯಾಯಾಮಶಿಕ್ಷಕರು 1901ರಲ್ಲಿ ತಲಶ್ಶೇರಿಯ ಬಳಿ ಸರ್ಕಸ್ ಪಾಠಶಾಲೆಯನ್ನೇ ತೆರೆದರು. ನಾನು ಬಾಲ್ಯದಲ್ಲಿ ಮೈಸೂರಿನಲ್ಲಿ ನೋಡಿದ ಉಯ್ಯಾಲೆಯಾಟದವರಲ್ಲಿ ಬಹುಮಂದಿ ಮಲೆಯಾಳದವರೇ. ಆಗ ಹುಲಿಸಿಂಹಗಳೂ ಇದ್ದುವು. ಸರಕಾರವು 1998ರಲ್ಲಿ ಅವುಗಳನ್ನು ನಿಷೇಧಿಸಿ, ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಒಳ್ಳೆಯದೇ ಆಯಿತು. ಬೆಂಕಿಯ ಬಳೆಯೊಳಗೆ ಹಾರುವ ಹುಲಿಯ ಮುಖದಲ್ಲಿ ವಿದ್ಯೆಯ ಸಂತೋಷವನ್ನು ನಾನಂತೂ ಕಂಡವನಲ್ಲ.

ಆದರೆ 42 ಅಡಿಯ ಆ ದೊಡ್ಡ ಸರ್ಕಸ್ಸಿನಲ್ಲಿ ದೂರವು ಶ್ರಮವನ್ನು ಮರೆಮಾಡುತ್ತದೆ. ಅಲ್ಲಿ ಮೇಲೆ ಹಾರುವವರು ನಮಗೆ ಹಕ್ಕಿಗಳಂತೆ ತೋರುವರು. ಈ ಮಂಟಪದಲ್ಲಿ ಹಾಗಲ್ಲ. ಒಬ್ಬ ಯುವಕನೂ ಯುವತಿಯೂ ಸ್ಕೇಟಿಂಗ್ ಚಕ್ರಗಳನ್ನು ಕಾಲಿಗೆ ಕಟ್ಟಿಕೊಂಡು ಆ ಪುಟ್ಟ ವೇದಿಕೆಯ ಮೇಲೆ ಬುಗುರಿಯಂತೆ ತಿರುಗಿದರು. ಅವಳ ಕೂದಲು ಬೀಸಿದ ಗಾಳಿ ನಮ್ಮ ಮುಖಕ್ಕೆ ತಗಲಿತು. ಇಬ್ಬರು ಗಂಡಸರು, ಒಬ್ಬನ ಅಂಗೈಯ ಮೇಲೆ ಇನ್ನೊಬ್ಬನು ತಲೆಕೆಳಗಾಗಿ ನಿಂತರು. ಕೆಳಗಿನವನ ಕೊರಳಿನ ನರ ಹಗ್ಗದಂತೆ ಎದ್ದುದನ್ನೂ, ಅವನು ಉಸಿರನ್ನು ಎಣಿಸಿ ಬಿಡುತ್ತಿದ್ದುದನ್ನೂ ನಾನು ಎರಡು ಮಾರು ದೂರದಿಂದ ಕಂಡೆ. ಉಸಿರು ಬಿಡುವ ಆ ಕ್ರಮ ನನಗೆ ಹೊಸದಲ್ಲ. ನಮ್ಮ ಗುರುಗಳು ಘನಪಾಠವನ್ನು ಹೇಳುವಾಗ ಹೀಗೆಯೇ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಉಳಿದ ಶ್ವಾಸವನ್ನು ಜಿಪುಣನಂತೆ ವೆಚ್ಚಮಾಡುತ್ತಿದ್ದರು.

ಎಲ್ಲವೂ ಮೆಚ್ಚತಕ್ಕದ್ದಾಗಿತ್ತೆಂದು ಹೇಳಲಾರೆ. ಆಟಗಳ ನಡುವೆ ಬಂದು ಮಾತನಾಡುತ್ತಿದ್ದ ಸೂತ್ರಧಾರಿಣಿಯ ವಿನೋದ ಬಲು ಒರಟು. ಅರ್ಧ ನನಗೆ ತಿಳಿಯಲಿಲ್ಲ. ಅರ್ಥ ಕೇಳಿದರೆ ಮಗಳು, “ಬೇಡ ಬಿಡಿ ಅಪ್ಪ” ಎಂದಳು. ತಿಳಿದ ಅರ್ಧವೂ ತಿಳಿಯದಿದ್ದರೆ ನಷ್ಟವಿರಲಿಲ್ಲ. ಒಬ್ಬನು ಬಟ್ಟೆಗಳನ್ನು ಒಂದೊಂದಾಗಿ ಕಳಚುತ್ತ ಚೆಂಡಾಟವಾಡಿದನು. ಚೆಂಡಾಟಕ್ಕೂ ಬಟ್ಟೆಗೂ ಏನು ಸಂಬಂಧವೋ ನಾನರಿಯೆ. ನಮ್ಮ ಮನೆಯವರು, ನಮ್ಮ ತಾಯಿಯವರಂತೆಯೇ, ಕೈಚೀಲವನ್ನು ತೆರೆದರು.

ವಿರಾಮದ ಅನಂತರ ದೀಪಗಳು ಕುಗ್ಗಿ, ಹೆಂಗಸೊಬ್ಬಳು ಮೇಲಿನಿಂದ ಇಳಿಬಿಟ್ಟಿದ್ದ ಎರಡು ಪಟ್ಟಿಗಳನ್ನು ಕೈಗಳಿಗೆ ಸುತ್ತಿಕೊಂಡು ಮೇಲೇರಿದಳು. ಕೆಳಗೆ ಬಲೆಯಿಲ್ಲ. ನಮ್ಮ ತಲೆಗಳ ಮೇಲೆಯೇ ವರ್ತುಲವಾಗಿ ತೇಲಿ, ಒಂದು ಕೈಯನ್ನು ಬಿಟ್ಟು, ಮತ್ತೆ ಹಿಡಿದಳು. ಎಲ್ಲರ ಕತ್ತೂ ಮೇಲಕ್ಕೆ. ನಾನು ಮೇಷ್ಟರಾಗಿದ್ದವನು, ಹಿಂದಿನ ಬೆಂಚನ್ನು ನೋಡುವ ಅಭ್ಯಾಸ ಬಿಟ್ಟಿಲ್ಲ. ಕಂಬದ ಮರೆಯಲ್ಲಿ ಕಪ್ಪು ಬಟ್ಟೆಯ ಮನುಷ್ಯನೊಬ್ಬನು ನಿಂತಿದ್ದನು. ಅವಳನ್ನು ಏರಿಸಿ ಇಳಿಸುವ ಹಗ್ಗ ಅವನ ಕೈಯಲ್ಲಿತ್ತು. ಆ ಹತ್ತು ನಿಮಿಷವೂ ಅವನು ರೆಪ್ಪೆ ಮುಚ್ಚಿದನೋ ಇಲ್ಲವೋ. ಅವಳು ನೆಲ ಮುಟ್ಟಿ ಚಪ್ಪಾಳೆಗೆ ನಮಸ್ಕರಿಸುವಾಗ ಅವನು ಹಗ್ಗವನ್ನು ಸುರುಳಿ ಸುತ್ತುತ್ತಿದ್ದನು.

ಅವನನ್ನು ಕಂಡು ನನಗೆ ಬೇರೊಬ್ಬನ ನೆನಪಾಯಿತು. ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ನಾನು ಸಂಸ್ಕೃತ ಪಾಠ ಹೇಳುತ್ತಿದ್ದಾಗ ಡೊಂಬರ ಮೇಳವೊಂದು ಕೆರೆಯ ಏರಿಯ ಬಳಿ ಬೀಡುಬಿಟ್ಟಿತ್ತು. ಅವರ ಹುಡುಗಿ ಎಂಟನೆಯ ತರಗತಿಗೆ ಬಂದು ಒಂದು ತಿಂಗಳ ಕಾಲ ಕುಳಿತಳು. ರಾಮಶಬ್ದವನ್ನು ಅವಳು ಒಂದೇ ದಿನದಲ್ಲಿ ಬಾಯಿಪಾಠ ಮಾಡಿದಳು. ತಮಟೆಯ ಲಯಕ್ಕೆ ಒಗ್ಗಿದ ಕಿವಿ. ಭಾನುವಾರ ಸಂತೆಯಲ್ಲಿ ಅವಳು ಗಳುವಿನಿಂದ ಗಳುವಿಗೆ ಕಟ್ಟಿದ ಹಗ್ಗದ ಮೇಲೆ ನಡೆದಳು. ತಂದೆ ತಮಟೆ ಬಾರಿಸುತ್ತ, ಅವಳ ನೆರಳಿನ ಜೊತೆಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಿದ್ದನು. ಕಣ್ಣು ಮಾತ್ರ ಮೇಲೆ. ಬಿದ್ದರೆ ಹಿಡಿಯಲು ಅವನ ಎರಡು ತೋಳಿನ ಹೊರತು ಬೇರೇನೂ ಇರಲಿಲ್ಲ. ಮುಂದಿನ ತಿಂಗಳು ಮೇಳ ಹೊರಟುಹೋಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಪರೀಕ್ಷೆಯ ತನಕವೂ ನಾನು ‘ಗೈ’ ಎಂದು ಬರೆಯುತ್ತ ಬಂದೆ, ಹೊಡೆದು ಹಾಕಲಿಲ್ಲ. ಇಂಥ ಮಕ್ಕಳನ್ನು ಸರ್ಕಸ್ಸಿನಲ್ಲಿ ಆಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿತು. ಸಂತೆಯ ಹಗ್ಗದ ವರೆಗೆ ನ್ಯಾಯಾಲಯದ ಕೈ ಎಷ್ಟು ಮುಟ್ಟೀತು?

ಈ ಜನರ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಶುಕ್ಲಯಜುಸ್ಸಿನ ವಾಜಸನೇಯಿ ಸಂಹಿತೆಯ ಮೂವತ್ತನೆಯ ಅಧ್ಯಾಯದಲ್ಲಿ ನಾನಾ ವೃತ್ತಿಯವರನ್ನು ನಾನಾ ದೇವತೆಗಳಿಗೆ ಒಪ್ಪಿಸುವಾಗ, ವಂಶನರ್ತಿಯನ್ನು, ಎಂದರೆ ಬಿದಿರ ಗಳುವಿನ ಮೇಲೆ ಕುಣಿಯುವವನನ್ನು, ಅಂತರಿಕ್ಷಕ್ಕೆ ಸಲ್ಲಿಸಿದೆ. ಕೌಟಿಲ್ಯನು ಹಗ್ಗದಾಟದ ಪ್ಲವಕರನ್ನು ನಟನರ್ತಕರೊಡನೆ ಎಣಿಸಿ, ಹೊರಗಿನಿಂದ ಬಂದ ಮೇಳ ಪ್ರದರ್ಶನಕ್ಕಾಗಿ ಐದು ಪಣ ಕೊಡತಕ್ಕದ್ದೆಂದು ವಿಧಿಸಿದ್ದಾನೆ. ವೇದ ಆಕಾಶವನ್ನು ಕೊಟ್ಟಿತು. ಅರ್ಥಶಾಸ್ತ್ರ ಸುಂಕ ಕೇಳಿತು. ಎರಡರಲ್ಲಿಯೂ ಮನೆಯ ಮಾತಿಲ್ಲ.

ಆಟ ಮುಗಿದಮೇಲೆ ಚಳಿಯಲ್ಲಿಯೇ ನಡೆದು ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಹೋದೆವು. ಆಸ್ಟ್‌ಲಿಯ ಕುದುರೆ ಓಡಿದ ಕಡೆಯನ್ನು ನೋಡಬೇಕೆಂದು ನಾನೇ ಹಟಹಿಡಿದೆ. ಆಚೆಯ ದಡದಲ್ಲಿ ಈಗ ಸೇಂಟ್ ಥಾಮಸ್ ಆಸ್ಪತ್ರೆಯಿದೆ. ಅದನ್ನು ತೋರಿಸಿದೊಡನೆ ನಮ್ಮ ಮನೆಯವರು ನಿಂತರು.

“ಬಿದ್ದರೆ?” ಎಂದರು.

“ಬೀಳುವುದನ್ನೇ ಮೊದಲು ಕಲಿಸುತ್ತಾರಮ್ಮ.”

“ಅದಲ್ಲ. ಬಿದ್ದ ಮೇಲೆ?”

ಮಗಳು ಕೂಡಲೆ ಉತ್ತರಿಸಲಿಲ್ಲ. ಅದೂ ನನಗೆ ಸಮಾಧಾನವನ್ನೇ ತಂದಿತು. ಕೂಡಲೆ ಉತ್ತರಿಸಿದ್ದರೆ ಯೋಚಿಸಿಲ್ಲವೆಂದು ತಿಳಿಯುತ್ತಿದ್ದೆ. ಈ ಊರಿನಲ್ಲಿಯೇ, 19ನೆಯ ಶತಮಾನದ ಮೊದಲಲ್ಲಿ, ನಮ್ಮ ದೇಶದಿಂದ ಬಂದ ರಾಮೋ ಸಾಮಿ ಎಂಬವನು ಕತ್ತಿ ನುಂಗಿ, ಚೆಂಡುಗಳನ್ನು ತೂರಿ ಹಿಡಿದು ಬಹು ಪ್ರಸಿದ್ಧನಾಗಿದ್ದನು. ನಮ್ಮ ಬಾಯಲ್ಲಿ ರಾಮಸ್ವಾಮಿಯೇ ಆಗಿರಬೇಕು. ಭಾರತದ ಚೆಂಡಾಟದವನೊಬ್ಬನ ನಾಲ್ಕು ಹಿತ್ತಾಳೆಯ ಚೆಂಡುಗಳನ್ನು ನೋಡಿದ ಇಂಗ್ಲಿಷ್ ಲೇಖಕ ಹ್ಯಾಜ್ಲಿಟ್, ಇಷ್ಟು ಕುಂದಿಲ್ಲದೆ ತಾನು ಮಾಡಬಲ್ಲ ಕೆಲಸ ಒಂದೂ ಇಲ್ಲವಲ್ಲ ಎಂದು ನಾಚಿ, ಅದನ್ನೇ ಪ್ರಬಂಧವಾಗಿ ಬರೆದನು. ಹೀಗಿದ್ದೂ ರಾಮೋ ಸಾಮಿ 1850ರಲ್ಲಿ ತೀರಿಕೊಂಡಾಗ, ಹೂಳುವ ವೆಚ್ಚಕ್ಕಾಗಿ ಅವನ ಹೆಂಡತಿ ಪತ್ರಿಕೆಯಲ್ಲಿ ಸಹಾಯ ಬೇಡಬೇಕಾಯಿತು. ಸೇತುವೆಯ ಮೇಲೆ ಇದನ್ನು ನಾನು ಹೇಳಲಿಲ್ಲ. ತಾಯಿಯ ಪ್ರಶ್ನೆಯಲ್ಲಿ ಅದೆಲ್ಲವೂ ಅಡಗಿತ್ತು.

ಕೊನೆಗೆ ಮಗಳು ಒಂದೊಂದಾಗಿ ಹೇಳಿದಳು: ಅಪಘಾತಕ್ಕೆ ವಿಮೆಯುಂಟು, ವಯಸ್ಸಾದವರು ಹಲವರು ಕಲಿಸುವ ಕೆಲಸಕ್ಕೆ ತಿರುಗುವರು, ವರಮಾನ ನಿಶ್ಚಿತವಲ್ಲ, ಕಚೇರಿಯವರು ವಾರಕ್ಕೆ ಎರಡು ದಿನದ ಲೆಕ್ಕದ ಕೆಲಸ ಕೊಡಲು ಒಪ್ಪಿದ್ದಾರೆ. ನಾನು ಹಗ್ಗ ಹಿಡಿಯುವವನ ವಿಷಯ ಕೇಳಿದೆ. ಅವನನ್ನು ಗಮನಿಸಿದಿರಾ ಎಂದು ಅವಳಿಗೆ ಆಶ್ಚರ್ಯ. ಅದನ್ನೂ ಅಲ್ಲಿ ಕಲಿಸುತ್ತಾರಂತೆ; ಹಾರುವ ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಹಗ್ಗ ಹಿಡಿಯಬೇಕಂತೆ. ನಮ್ಮ ಮನೆಯವರು ಅವಳ ಅಂಗೈಯನ್ನು ದೀಪದ ಕೆಳಗೆ ಹಿಡಿದು ಜಡ್ಡುಗಟ್ಟಿದ ಚರ್ಮವನ್ನು ಮುಟ್ಟಿ ನೋಡಿ, “ಕೊಬ್ಬರಿ ಎಣ್ಣೆ ಹಚ್ಚಬಾರದೇನೇ” ಎಂದರು. “ಹಚ್ಚಿದರೆ ಕೈ ಜಾರುತ್ತದಮ್ಮ” ಎಂದಳು.

ಊರಿಗೆ ಹಿಂದಿರುಗಿದ ಮೇಲೆ ನನ್ನ ನಿವೃತ್ತಿಯ ಹಣದಲ್ಲಿ ಒಂದು ಠೇವಣಿಯನ್ನು ಮುರಿಸಿ ಅವಳ ಶುಲ್ಕಕ್ಕೆಂದು ಬೇರೆಯಾಗಿ ಇಟ್ಟಿದ್ದೇನೆ. ಬಂಧುಗಳು ಕೇಳಿದರೆ ಮಗಳು ಲೆಕ್ಕಪತ್ರದ ಕೆಲಸದಲ್ಲಿದ್ದಾಳೆಂದೂ, ಅಂಗಸಾಧನೆಯನ್ನು ಕಲಿಯುತ್ತಾಳೆಂದೂ ಹೇಳುತ್ತೇವೆ. ಎರಡೂ ನಿಜವೇ. ಪ್ರವೇಶಪರೀಕ್ಷೆ ಇನ್ನೂ ಆಗಬೇಕಾಗಿದೆ. ನಮ್ಮ ಮನೆಯವರು ಆ ದಿನಕ್ಕೆ ಸತ್ಯನಾರಾಯಣನ ಪೂಜೆಯನ್ನು ಹೇಳಿಕೊಂಡಿದ್ದಾರೆ. ಆಗಲೆಂದೋ, ಆಗದಿರಲೆಂದೋ ಎಂದು ಕೇಳಿದರೆ ಮಾತ್ರ ಹೇಳುವುದಿಲ್ಲ.