ಮಂಡಿ ಮತ್ತು ಯೆಜ್ಡಿ

ಮೂವತ್ತು ವರ್ಷ ಪುಣೆಯಲ್ಲಿದ್ದರೂ ನನ್ನ ಮರಾಠಿ ಇನ್ನೂ ಕೌಂಟರ್ ಮರಾಠಿಯೇ. ಖಾತೆ ತೆರೆಯೋಕೆ, ಕಂತು ಕಟ್ಟಿಲ್ಲ ಅಂತ ಗದರಿಸೋಕೆ ಸಾಕು; ಮೈಕೈ ನೋವು ಹೇಳಿಕೊಳ್ಳೋಕೆ ಸಾಲದು. ಇದು ಗೊತ್ತಾದದ್ದು ಡಾಕ್ಟರ ಮುಂದೆ ಕೂತಾಗ. "ಡಾಕ್ಟರ್, ಡಾವೀ ಮಾಂಡೀ ದುಖತೆ" ಅಂದೆ. ಅವರು ನನ್ನ ಎಡತೊಡೆಯನ್ನು ಮೇಲಿಂದ ಕೆಳಗಿನವರೆಗೆ ಹಿಟ್ಟು ನಾದಿದ ಹಾಗೆ ಒತ್ತುತ್ತಾ "ಇಥೆ? ಇಥೆ?" ಎಂದು ಕೇಳತೊಡಗಿದರು. ಮರಾಠಿಯಲ್ಲಿ ಮಾಂಡಿ ಅಂದರೆ ತೊಡೆ. ನಮ್ಮ ಮಂಡಿಗೆ ಅವರು ಗುಡಘಾ ಅನ್ನುತ್ತಾರೆ. ನಾನು ಧಾರವಾಡದ ಕಡೆಯವನಾಗಿದ್ದು ಮೊಣಕಾಲು ಅಂದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಏನು ಮಾಡೋದು, ಮೈಸೂರಿನಲ್ಲಿ ಹುಟ್ಟಿದವನ ಬಾಯಲ್ಲಿ ಮಂಡಿಯೇ ಬರುತ್ತೆ.

ನೋವಿಗೆ ಮೂಲವೂ ಮೈಸೂರಿನದೇ. 1985ರಲ್ಲಿ, ಕೆಲಸಕ್ಕೆ ಸೇರಿದ ಎರಡು ವರ್ಷಕ್ಕೆ, ಯೆಜ್ಡಿ ರೋಡ್‌ಕಿಂಗ್ ಕೊಂಡೆ. ಆಗ ನಮ್ಮಣ್ಣ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದ. "ಈ ಗೇರ್‌ಬಾಕ್ಸ್ ನಮ್ಮ ಸೆಕ್ಷನ್ನಿಂದ ಹೋಗಿರೋದು ಕಣೋ, ನಿನ್ನ ಮಗನ ಕಾಲಕ್ಕೂ ಬರುತ್ತೆ" ಅಂದಿದ್ದ. 1994ರಲ್ಲಿ ಪುಣೆಗೆ ವರ್ಗವಾದಾಗ ಗಾಡಿ ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ಬಂತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆಮೇಲೆ ಅಣ್ಣ ಊರಿಂದ ಫೋನು ಮಾಡಿದಾಗಲೆಲ್ಲ ಮೊದಲು ಮಕ್ಕಳನ್ನು, ಆಮೇಲೆ ಗಾಡಿಯನ್ನು ವಿಚಾರಿಸುತ್ತಿದ್ದ. ಅದನ್ನು ಮಾರುವ ಮಾತು ನಾನು ಯಾವತ್ತೂ ಎತ್ತದೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ಯೆಜ್ಡಿ ಓಡಿಸಿದವರಿಗೆ ಗೊತ್ತು, ಅದರ ಕಿಕ್ಕೂ ಗೇರೂ ಒಂದೇ ಲಿವರು, ಅದೂ ಎಡಗಡೆ. ಒಳಗೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಮಲಗಿಸಿದರೆ ಗೇರ್. ಸೀಟಿನ ಮೇಲೆ ಕೂತು ಒದ್ದರೆ ಎಡಗಾಲಿಂದಲೇ ಒದೀಬೇಕು. ಪಕ್ಕದಲ್ಲಿ ನಿಂತು ಬಲಗಾಲಲ್ಲಿ ಒದ್ದರೂ ಮೈಭಾರವೆಲ್ಲ ಎಡಗಾಲ ಮೇಲೆ. ಸಿಗ್ನಲ್‌ನಲ್ಲಿ ಬಲಗಾಲು ಬ್ರೇಕಿನ ಮೇಲಿದ್ದರೆ ನೆಲಕ್ಕೆ ಊರೋದೂ ಎಡಗಾಲೇ. ಹೇಗೆ ಲೆಕ್ಕ ಹಾಕಿದರೂ ಖರ್ಚು ಬೀಳೋದು ಎಡಮಂಡಿಯ ಖಾತೆಗೆ.

ನಾನು 2019ರಲ್ಲಿ ನಿವೃತ್ತನಾದೆ. ಭಾನುವಾರ ಬೆಳಿಗ್ಗೆ ಎಫ್‌ಸಿ ರಸ್ತೆಯ ವೈಶಾಲಿಯಲ್ಲಿ ಕಾಫಿ ಕುಡಿದು, ಆಗೊಮ್ಮೆ ಈಗೊಮ್ಮೆ ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿಬರುವುದು ನನ್ನ ಸವಾರಿ. ಅಂಥ ಒಂದು ಭಾನುವಾರ ಸಿಗ್ನಲ್‌ನಲ್ಲಿ ಎಡಗಾಲು ಊರಿದೆ. ಮಂಡಿ ಸುಮ್ಮನೆ ಮಡಚಿಕೊಂಡಿತು. ಸುಮಾರು 140 ಕಿಲೋದ ಗಾಡಿ, ನಾನೂ ಅದೂ ಒಟ್ಟಿಗೇ ನಿಧಾನವಾಗಿ ಮಲಗಿದೆವು. ಹಿಂದೆ ಸ್ಕೂಟರಿನಲ್ಲಿದ್ದ, ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿಕೊಂಡ ಇಬ್ಬರು ಕಾಲೇಜು ಹುಡುಗಿಯರು ಓಡಿಬಂದು ಎತ್ತಿದರು. "ಆಜೋಬಾ, ಲಾಗ್ಲಂ ಕಾ?" ಅಂತ ಕೇಳಿದರು. ಅಲ್ಲಿವರೆಗೆ ಪುಣೆಯವರಿಗೆಲ್ಲ ನಾನು ಕಾಕಾ. ಅವತ್ತು ಅರ್ಜಿ ಹಾಕದೆ ಅಜ್ಜನಾಗಿ ಬಡ್ತಿ ಸಿಕ್ಕಿತು. ಗಾಡಿಯ ಲಿವರು ಸ್ವಲ್ಪ ಬಾಗಿತ್ತು. ನಾನಾ ಪೇಠೆಯ ನಮ್ಮ ಮೆಕ್ಯಾನಿಕ್ ಅದನ್ನು ಸರಿಮಾಡಿ ಕೊಟ್ಟು, "ಕಾಕಾ, ಗಾಡಿ ಚಾಂಗಲೀ ಆಹೆ. ಡ್ರೈವರ್ ಬದಲಾ" ಅಂದ.

ನಿಂತು ತೆಗೆಸಿದ ಎಕ್ಸ್‌ರೇ ನೋಡಿ ಡಾಕ್ಟರು ಗ್ರೇಡ್ ಮೂರು ಅಂದರು. ಸವೆತವಿಲ್ಲದ್ದು ಸೊನ್ನೆ, ಪೂರ್ತಿ ಸವೆದದ್ದು ನಾಲ್ಕು. ಬ್ಯಾಂಕಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಸಾಲಗಳನ್ನು ಸ್ಟ್ಯಾಂಡರ್ಡ್, ಸಬ್‌ಸ್ಟ್ಯಾಂಡರ್ಡ್, ಡೌಟ್‌ಫುಲ್, ಲಾಸ್ ಅಂತ ವಿಂಗಡಿಸುತ್ತಿದ್ದೆವಲ್ಲ, ನನ್ನ ಮಂಡಿ ಡೌಟ್‌ಫುಲ್‌ಗೆ ಬಂದು ನಿಂತಿತ್ತು.

ಡೌಟ್‌ಫುಲ್ ಖಾತೆಗೆ ಏನೇನು ದಾರಿ ಅಂತ ವಿಚಾರಿಸುತ್ತಾ ಮೂರು ಕಡೆ ತಿರುಗಿದೆ. ನೋವಿನ ಮಾತ್ರೆ ನಾನಾಗಲೇ ಒಂದು ವರ್ಷದಿಂದ ನುಂಗುತ್ತಿದ್ದೆ. ಬಡ್ಡಿ ಕಟ್ಟೋಕೆ ಹೊಸ ಸಾಲ ಕೊಟ್ಟು ಹಳೇ ಖಾತೆಯನ್ನು ಹಸಿರಾಗಿ ತೋರಿಸುವ ಮ್ಯಾನೇಜರುಗಳನ್ನು ಕಂಡಿದ್ದೇನೆ. ಮಾತ್ರೆಯ ಕೆಲಸವೂ ಅದೇ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದು ಕಂಡು, ಕಿಡ್ನಿಗೆ ತೊಂದರೆ ಅಂತ ಡಾಕ್ಟರು ಅದನ್ನು ಬಿಡಿಸಿದರು. ಸ್ಟೆರಾಯ್ಡ್ ಇಂಜೆಕ್ಷನ್ ಒಂದು ತೆಗೆದುಕೊಂಡೆ, ಎರಡು ತಿಂಗಳು ಸುಖವಾಗಿತ್ತು, ಆಮೇಲೆ ಯಥಾಸ್ಥಿತಿ. ಪದೇ ಪದೇ ಚುಚ್ಚಿಸಿಕೊಳ್ಳುವಂಥದ್ದಲ್ಲ. ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ತೆಗೆದು ಮಂಡಿಗೆ ಹಾಕುವ ಪಿಆರ್‌ಪಿ ಬಗ್ಗೆ ಒಬ್ಬರು ಬಹಳ ಹೊಗಳಿದರು. ಎರಡನೆಯವರು, ಕೆಲವರಿಗೆ ಗುಣ ಕಂಡಿದೆ, ಆದರೆ ಪರೀಕ್ಷೆಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತೆ ಅಂತ ನಂಬಿ ದುಡ್ಡು ಹಾಕಬೇಡಿ ಅಂದರು. ದುರ್ಬೀನು ಇಳಿಸಿ ಒಳಗೆ ತೊಳೆಸಿಬಿಡೋಣ ಅಂದದ್ದಕ್ಕೂ ಅವರು ತಲೆಯಾಡಿಸಿದರು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದಿದ್ದರಂತೆ. ನಿಜವಾಗಿ ಮಂಡಿ ತೊಳೆಸಿಕೊಂಡವರಿಗಿಂತ ಅವರ ನೋವೇನೂ ಹೆಚ್ಚಿರಲಿಲ್ಲ.

ಕೊನೆಗೆ ಉಳಿದದ್ದು ಎರಡು: ವ್ಯಾಯಾಮ ಮಾಡಿ ತೂಕ ಇಳಿಸುವುದು, ಇಲ್ಲವೇ ಮಂಡಿಯನ್ನೇ ಬದಲಿಸುವುದು. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಂತೆ. ಇಷ್ಟು ರಿಟರ್ನ್ ಕೊಡುವ ಡಿಪಾಸಿಟ್ಟು ನಮ್ಮ ಬ್ಯಾಂಕಿನಲ್ಲಿ ಎಂದೂ ಇರಲಿಲ್ಲ. ಬದಲಿಸಿದ ಮಂಡಿಗಳಲ್ಲಿ ಹತ್ತಕ್ಕೆ ಎಂಟರಷ್ಟು ಇಪ್ಪತ್ತೈದು ವರ್ಷ ಬಾಳುತ್ತವೆ. 2017ರ ಆಗಸ್ಟ್‌ನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದಾಗ ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಅಂತ ನಿಗದಿಯಾಯಿತು. ಆಸ್ಪತ್ರೆಯ ಬಾಡಿಗೆ, ಡಾಕ್ಟರ ಫೀಸು ಬೇರೆ. ನಾನು ಹಾಳೆಗೆ ಎರಡು ಕಾಲಂ ಎಳೆದು ನಫೆ ನುಕ್ಸಾನು ಬರೆಯತೊಡಗಿದೆ. ಆಪರೇಷನ್ ಆದ ಮೇಲೆ ಕಿಕ್ ಹೊಡೆಯಬಹುದೇ ಅಂತ ಡಾಕ್ಟರನ್ನು ಕೇಳಿದ್ದಕ್ಕೆ, "ಅರವತ್ತಾರು ವರ್ಷಕ್ಕೆ ಯಾಕೆ ಹೊಡೀಬೇಕು, ಅದನ್ನು ಮೊದಲು ಹೇಳಿ" ಅಂದರು.

ಇನ್ನು ನಾನು ಬರೆಯೋಕೆ ಹಿಂಜರಿಯುತ್ತಿರುವ ಭಾಗ. ಫಿಸಿಯೋಥೆರಪಿಗೆ ಮೊದಲ ದಿನ ನಮ್ಮವಳೂ ಜೊತೆಗೆ ಬಂದಳು. ಆ ಹುಡುಗಿ ನನಗೆ ಕಾಲು ನೇರ ಎತ್ತಿ ಹತ್ತು ಎಣಿಸೋಕೆ ಹೇಳಿ, ಬಾಗಿಲ ಹತ್ತಿರ ನಿಂತಿದ್ದ ಇವಳನ್ನೇ ನೋಡುತ್ತಿದ್ದಳು. "ಕಾಕೂ, ನಾಲ್ಕು ಹೆಜ್ಜೆ ನಡೆದು ತೋರಿಸಿ" ಅಂದಳು. ನಡೆದಾಗ ನಾನೂ ನೋಡಿದೆ. ಕಾಲುಗಳು ಬಿಲ್ಲಿನ ಹಾಗೆ ಹೊರಗೆ ಬಾಗಿದ್ದವು. ಎಕ್ಸ್‌ರೇಯಲ್ಲಿ ಎರಡೂ ಗ್ರೇಡ್ ನಾಲ್ಕು.

ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ದಿನಾ ತರಕಾರಿ ಚೀಲ ಹೊತ್ತು ಹತ್ತಿದವಳು ಅವಳು. ಎರಡು ವರ್ಷದಿಂದ ದೇವರ ಮುಂದೆ ಮಣೆ ಬಿಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಯೆಜ್ಡಿಯ ಹಿಂದೆ ಹತ್ತೋದು ಬಿಟ್ಟಿದ್ದಳು. ಹೊಗೆ ವಾಸನೆ ಆಗಲ್ಲ ಅಂದಿದ್ದನ್ನು ನಾನು ನಂಬಿದ್ದೆ. "ಯಾಕೆ ಹೇಳಲಿಲ್ಲ?" ಅಂದೆ. "ಕೇಳಿದ್ದಿದ್ರೆ ಹೇಳ್ತಿದ್ದೆ ರೀ. ಮನೇಲಿ ದಿನಾ ನಿಮ್ಮ ಮಂಡಿ ಮಾತೇ ಆಗ್ತಿತ್ತಲ್ಲ" ಅಂದಳು. ಬೇರೆ ಬ್ರಾಂಚುಗಳ ಲೆಕ್ಕ ತಪಾಸಣೆ ಮಾಡಿ ಬಂದವನು ನಾನು. ಮನೆಯ ಇನ್ನೊಂದು ಖಾತೆಯನ್ನು ತೆರೆದೇ ನೋಡಿರಲಿಲ್ಲ.

ಎರಡು ಕಾಲಂನ ಹಾಳೆ ಹರಿದು ಹಾಕಿದೆ. ಮೊದಲು ಅವಳದು ಅಂತ ತೀರ್ಮಾನವಾಯಿತು. ಎಲ್ಲಿ ಮಾಡಿಸೋದು ಅನ್ನೋದೇ ದೊಡ್ಡ ಪ್ರಶ್ನೆ. ಅಣ್ಣ ಫೋನಿನಲ್ಲಿ, "ಮೈಸೂರಿಗೇ ಬಂದುಬಿಡಿ, ಇಲ್ಲಿ ನಮ್ಮೋರು ಅಂತ ನಾಲ್ಕು ಜನ ಇದೀವಿ" ಅಂದ. ಆ ನಾಲ್ಕು ಜನರನ್ನು ಎಣಿಸಿದೆ. ಅಣ್ಣನಿಗೆ ಎಪ್ಪತ್ತನಾಲ್ಕು, ಕೈಯಲ್ಲಿ ಕೋಲು. ಅತ್ತಿಗೆಗೆ ಸೊಂಟ. ಅವಳ ತಮ್ಮಂದಿರ ಮನೆಗಳಲ್ಲೂ ಮಕ್ಕಳು ಬೇರೆ ಬೇರೆ ಊರು. ಊರಿನಲ್ಲಿ ಜನ ಇದ್ದಾರೆ ಅಂತ ಹೊರಗಿರುವ ನಾವು ಧೈರ್ಯದಿಂದಿರುತ್ತೇವೆ. ಆ ಜನರಿಗೂ ನಮ್ಮಷ್ಟೇ ವಯಸ್ಸಾಗಿರುತ್ತೆ. ಪುಣೆಯಲ್ಲೇ ಮಾಡಿಸಿದೆವು. ಬಲಗಾಲು ಮೊದಲು, ಮೂರು ತಿಂಗಳು ಬಿಟ್ಟು ಎಡಗಾಲು. ನಿವೃತ್ತರ ವಿಮೆ ಒಂದಷ್ಟು ಕೊಟ್ಟಿತು, ಒಂದು ಎಫ್‌ಡಿ ಅವಧಿಗೆ ಮೊದಲೇ ಮುರಿದೆ. ಎರಡನೇ ದಿನವೇ ವಾಕರ್ ಹಿಡಿದು ನಡೆದಳು. ಎದುರು ಮನೆಯ ಮರಾಠಿ ಕಾಕೂ ಮೂರು ವಾರ ಆಮಟಿ ಭಾತು ತಂದುಕೊಟ್ಟರು. ಸಾರಿನ ಪುಡಿ ಡಬ್ಬಿ ಎಲ್ಲಿದೆ ಅನ್ನೋದು ನನಗೆ ಗೊತ್ತಾದದ್ದೂ ಆಗಲೇ.

ಈಗ ಅವಳಿಗೆ ಮೆಟ್ಟಿಲು ಸಲೀಸು. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರೋ ಹಾಗಿಲ್ಲ ಅಷ್ಟೆ. ಒಂದು ಗೇರಿಲ್ಲದ ಸ್ಕೂಟರು ಕೊಂಡೆವು, ಬಟನ್ ಒತ್ತಿದರೆ ಹೊರಡುತ್ತೆ. ಭಾನುವಾರ ವೈಶಾಲಿಗೆ ಇಬ್ಬರೂ ಹೋಗುತ್ತೇವೆ. ಅವಳ ಚಾಕರಿಯ ನಡುವೆ ನಾನು ಆರು ಕಿಲೋ ಇಳಿದಿದ್ದೇನೆ.

ಯೆಜ್ಡಿ ಕೆಳಗೆ ಪಾರ್ಕಿಂಗಿನಲ್ಲಿದೆ. ಹಳೇ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ಆರ್‌ಟಿಓಗೆ ಕರೆದೊಯ್ದು ತೋರಿಸಿ ನೋಂದಣಿ ನವೀಕರಿಸಬೇಕು. ವಾರಕ್ಕೊಮ್ಮೆ ಕೆಳಗಿನ ಮನೆಯ ಹುಡುಗ ಬಂದು ಕಿಕ್ ಹೊಡೆದುಕೊಡುತ್ತಾನೆ. ನಾನು ಫೋನನ್ನು ಸೈಲೆನ್ಸರಿನ ಹತ್ತಿರ ಹಿಡಿದು ಅಣ್ಣನಿಗೆ ಕೇಳಿಸುತ್ತೇನೆ. "ಎಡಗಡೆ ಸೈಲೆನ್ಸರು ಸ್ವಲ್ಪ ಕಟ್ಟಿದೆ ನೋಡು" ಅನ್ನುತ್ತಾನೆ. ಅದೂ ನಿಜವೇ ಆಗಿರುತ್ತೆ.

ರಸ್ತೆಗೆ ಇಳಿಸೋಕೆ ಫಿಸಿಯೋ ಹುಡುಗಿ ಒಂದು ಷರತ್ತು ಹಾಕಿದ್ದಾಳೆ. ಕುರ್ಚಿಯಿಂದ ಎಡಗಾಲೊಂದರ ಮೇಲೆ, ಕೈ ಊರದೆ, ಹತ್ತು ಸಲ ಏಳಬೇಕು. ಆಗದೆ ಹೋದರೆ ಮುಂದಿನ ವರ್ಷ ನನ್ನ ಸರದಿ ಅಂತ ಡಾಕ್ಟರಿಗೆ ಮಾತು ಕೊಟ್ಟಿದ್ದೇನೆ. ಶುರುವಿನಲ್ಲಿ ಎರಡು ಆಗುತ್ತಿತ್ತು. ಇವತ್ತು ಬೆಳಿಗ್ಗೆ ಏಳಾಯಿತು. ನನ್ನ ಲೆಕ್ಕದಲ್ಲಿ ಎಂಟು. ಎಣಿಸೋಕೆ ಕೂತಿದ್ದ ನಮ್ಮವಳು ಎಂಟನೆಯದನ್ನು ಒಪ್ಪಲಿಲ್ಲ. ಕೈ ಊರಿದ್ದೆನಂತೆ.