ಹಿಟ್ಟಿನ ಕೋಳಿ, ಬಣ್ಣದ ಕೋಳಿ

ಯಲ್ಲಮ್ಮನ ಗುಡ್ಡದ ಬಳಿಯ ಉಗರಗೋಳದವರಿಗೆ ಬಣ್ಣವೆಂದರೆ ಮೊದಲು ನೆನಪಾಗುವುದು ಭಂಡಾರದ ಹಳದಿ. ಆ ಊರಿನ ಶ್ರಾವಕ ಮನೆತನದ ಹಿರಿಯರೊಬ್ಬರು, ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಒತ್ತಾಯಕ್ಕೆ ಮಣಿದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಹೊಕ್ಕರು. ಆಧುನಿಕ ಚಿತ್ರವೆಂದರೆ ಅರ್ಥವಾಗದ ಗೀಟುಗಳು ಎಂಬುದು ಅವರ ಎಣಿಕೆಯಾಗಿತ್ತು.

ಅಲ್ಲಿ ಕೆ.ಕೆ. ಹೆಬ್ಬಾರರು ನಾಡಿಗೆ ಕೊಡುಗೆಯಾಗಿತ್ತ ಕೃತಿಗಳನ್ನು ಕಂಡರು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲಕಾಲ ಕಲಿಸಿ, ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದ ಹೆಬ್ಬಾರರು 1996ರಲ್ಲಿ ತೀರಿಕೊಂಡರು. ಲಯದ ಮರ್ಮವನ್ನರಿಯಲು ಕಥಕ್ ನೃತ್ಯವನ್ನೇ ಕಲಿತವರು. ಅವರ ಆರಂಭದ ಕೃತಿಗಳಿಗೆ ಅಜಂತೆಯ ಭಿತ್ತಿಚಿತ್ರಗಳಂತೆ ಜೈನ ಹಸ್ತಪ್ರತಿಗಳ ಕಿರುಚಿತ್ರಗಳೂ ಪ್ರೇರಣೆಯಾದವು. ಗ್ರಂಥಭಂಡಾರದ ಬೀಗವನ್ನು ವರ್ಷಗಟ್ಟಲೆ ತೆರೆಯದ ಬಸದಿಗಳ ಆಡಳಿತದವರು ಈ ಮಾತನ್ನು ಕೊಂಚ ಗಮನಿಸಬೇಕು.

ನೋಡಿ ದಣಿದು ಕುಳಿತಾಗ ಮೊಮ್ಮಗಳು ಹೆಬ್ಬಾರರ ಚಿತ್ರಗಳ ಪುಸ್ತಕವೊಂದನ್ನು ಬಿಡಿಸಿದಳು. ಅದರಲ್ಲಿ ಕೋಳಿಕಾಳಗದ ಚಿತ್ರವಿತ್ತು. ತುಳುನಾಡಿನಲ್ಲಿ ಹುಂಜಗಳ ಕಾಲಿಗೆ ಹರಿತವಾದ ಬಾಳು ಕಟ್ಟಿ ಕಾದಾಡಿಸುವ ಕೋಳಿ ಅಂಕ ಅದು. ಮೊಮ್ಮಗಳು ಕೇಳಿದಳು: “ಅಜ್ಜಾ, ಇದರಾಗ ಗೆಲ್ಲೂದು ಯಾವುದು?”

ಹಿರಿಯರು ಉತ್ತರಿಸಲಿಲ್ಲ. ಅವರಿಗೆ ಜನ್ನನ ಯಶೋಧರ ಚರಿತೆ ನೆನಪಾಗಿತ್ತು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಬಲಿಗೊಡುವುದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ತಾಯಿಯ ಮಾತನ್ನು ಮೀರಲಾರದೆ, ಕೊಲ್ಲಲೂ ಮನಸ್ಸಿಲ್ಲದೆ ಹಿಡಿದ ನಡುದಾರಿ ಅದು. ಆದರೂ ಕತ್ತಿ ಎತ್ತಿದ ಸಂಕಲ್ಪವೇ ಹಿಂಸೆಯಾಗಿ, ತಾಯಿ ಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಒಂದು ಜನ್ಮದಲ್ಲಿ ತಾವೇ ಕೋಳಿಗಳಾಗಿ ಬಾಣಕ್ಕೆ ಬಲಿಯಾಗುತ್ತಾರೆ. ಹಾಗಾದರೆ ಬಣ್ಣದ ಕೋಳಿಗೆ ಏನು ಹೇಳಬೇಕು?

ಇಲ್ಲಿ ಕತ್ತಿ ಎತ್ತಿದವರಿಲ್ಲ. ಕಾದಾಟವನ್ನು ಬರೆದ ಮಾತ್ರಕ್ಕೆ ಕಲಾವಿದನು ಅದನ್ನು ಒಪ್ಪಿದನೆನ್ನಲಾಗದು. ಒಪ್ಪದೆ ಜನ್ನನೂ ಬಲಿಯ ಪ್ರಸಂಗವನ್ನು ಬರೆದಿಲ್ಲವೇ? ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕೊನೆಯದು ನೋಡುವವನ ಪಾಲಿಗೆ ಬರುತ್ತದೆ. ರೇಖೆಯ ರಭಸಕ್ಕೆ ಮೆಚ್ಚಿ ತಲೆದೂಗುವ ಮನಸ್ಸು, ಅಂಕದ ಸುತ್ತ ನಿಂತು ಕೇಕೆ ಹಾಕುವವನ ಮನಸ್ಸಿನಿಂದ ಎಷ್ಟು ದೂರದಲ್ಲಿದೆ? ದೂರವಿದೆ, ನಿಜ, ಒಬ್ಬನು ಚಿತ್ರವನ್ನು ಮೆಚ್ಚುತ್ತಾನೆ, ಇನ್ನೊಬ್ಬನು ರಕ್ತವನ್ನು. ಆದರೆ “ಗೆಲ್ಲೂದು ಯಾವುದು” ಎಂಬ ಪ್ರಶ್ನೆ ಹುಟ್ಟಿದೊಡನೆ ಆ ದೂರ ಕುಗ್ಗುತ್ತದೆ.

ಹಿರಿಯರು ಮೊಮ್ಮಗಳನ್ನು ಗದರಲಿಲ್ಲ. ಕಾಲಿಗೆ ಬಾಳು ಕಟ್ಟಿಸಿಕೊಂಡ ಹುಂಜದ ಕಥೆಯನ್ನು ಹೇಳಿದರು. ಗೆದ್ದ ಹುಂಜಕ್ಕೂ ಗಾಯ ತಪ್ಪದೆಂದೂ, ಅದಕ್ಕೆ ಮುಂದಿನ ಅಂಕ ಕಾದಿರುತ್ತದೆಂದೂ ತಿಳಿಸಿದರು. ಹುಡುಗಿ ಮತ್ತೆ ಚಿತ್ರವನ್ನು ನೋಡಿದಳು. ಈ ಸಲ ಕೇಳಿದ್ದು ಬೇರೆ: “ಇವಕ್ಕ ಬಾಳು ಕಟ್ಟಿದವರು ಎಲ್ಲಿ ಅದಾರ, ಅಜ್ಜಾ?”

ಮುಂದೆ ಊರಿನಲ್ಲಿ ಯಾರೋ ಈ ಚಿತ್ರವನ್ನು ಮನೆಯ ಗೋಡೆಗೆ ಹಾಕಬಹುದೇ ಎಂದು ವಿಚಾರಿಸಿದಾಗ, ಹಾಕುವುದು ಬೇಡ, ಮಕ್ಕಳನ್ನು ಕರೆದೊಯ್ದು ತೋರಿಸಿರಿ, ಜೊತೆಯಲ್ಲಿ ನಿಂತುಕೊಳ್ಳಿರಿ ಎಂದರು.